ಎರೆಮಣ್ಣಿನಡಿಯ ಗಾಜಿನೆಳೆಗೆ ನಡುಕ ಗೊತ್ತು

ಗುಂಡಗುರ್ತಿ, ಚಿತ್ತಾಪುರ, ಸೇಡಂ ಸೀಮೆಯ ರಸ್ತೆ ಬದಿಯಲ್ಲಿ ಎಲ್ಲಾದರೂ ಒಂದು ಕಡೆ ಜೆಸಿಬಿ ನೆಲ ಅಗೆಯುತ್ತಲೇ ಇರುತ್ತದೆ. ನೀರಿನ ಪೈಪಿಗೋ ರಸ್ತೆ ಅಗಲ ಮಾಡುವುದಕ್ಕೋ ಇಳಿದ ಬಕೆಟ್ಟು ಕೈತಪ್ಪಿ ಫೈಬರ್ ಕೇಬಲನ್ನು ಕಿತ್ತರೆ ಪಂಚಾಯಿತಿ ಕಚೇರಿಯ ಇಂಟರ್ನೆಟ್ ಆ ಕ್ಷಣವೇ ನಿಲ್ಲುತ್ತದೆ. ದುರಸ್ತಿಗೆ ಬರುವ ತಂತ್ರಜ್ಞ ಕೇಬಲಿನ ಗುಂಟ ನಡೆದು ಹುಡುಕುವುದಿಲ್ಲ. ಎಕ್ಸ್‌ಚೇಂಜಿನಲ್ಲಿ ಕುಳಿತು, ಓಟಿಡಿಆರ್ ಎಂಬ ಪೆಟ್ಟಿಗೆಯನ್ನು ಕೇಬಲಿನೊಳಗಿನ ಗಾಜಿನೆಳೆಯ ತುದಿಗೆ ಸಿಕ್ಕಿಸಿ, ಪರದೆ ನೋಡುತ್ತಾನೆ. ಎಡದಿಂದ ಬಲಕ್ಕೆ ನಿಧಾನವಾಗಿ ಇಳಿಯುವ ಗೆರೆಯೊಂದು ಅಲ್ಲಿ ಮೂಡುತ್ತದೆ. ತುಂಡಾದ ಜಾಗದಲ್ಲಿ ಅದು ದೊಪ್ಪನೆ ಕುಸಿಯುತ್ತದೆ. ಕುಸಿದದ್ದು ಎಷ್ಟನೆಯ ಕಿಲೋಮೀಟರಿನ ಎಷ್ಟನೆಯ ಮೀಟರಿನಲ್ಲಿ ಎಂಬುದನ್ನೂ ಪೆಟ್ಟಿಗೆಯೇ ಹೇಳುತ್ತದೆ.

ದೂರವಾಣಿ ಇಲಾಖೆಯವರಿಗೆ ಇದು ದಿನನಿತ್ಯದ ಕೆಲಸ. ಆದರೆ ಇದೇ ಉಪಾಯವನ್ನು ಸ್ವಲ್ಪ ಸೂಕ್ಷ್ಮಗೊಳಿಸಿದರೆ, ತುಂಡಾಗದ ಎಳೆಯೂ ಮಾತಾಡತೊಡಗುತ್ತದೆ. ಮೇಲೆ ಲಾರಿ ಹೋಯಿತೇ, ದೂರದಲ್ಲಿ ಕ್ವಾರಿಯ ಬ್ಲಾಸ್ಟಿಂಗ್ ಆಯಿತೇ, ನೆಲದಾಳದಲ್ಲಿ ಬಂಡೆ ಜರುಗಿತೇ ಎಂಬುದೆಲ್ಲ ಅದೇ ಗಾಜಿನಲ್ಲಿ ದಾಖಲಾಗುತ್ತದೆ. ಕಲಬುರಗಿ ಜಿಲ್ಲೆಯ ಪೂರ್ವ ಭಾಗಕ್ಕೆ ಇದಕ್ಕಿಂತ ಉಪಯುಕ್ತವಾದ ತಂತ್ರಜ್ಞಾನ ಸದ್ಯಕ್ಕೆ ಇನ್ನೊಂದಿಲ್ಲ. ಅದಕ್ಕೆ ಬೇಕಾದ ಮುಖ್ಯ ಸಾಮಗ್ರಿ ಆಗಲೇ ಇಲ್ಲಿನ ನೆಲದಲ್ಲಿ ಹೂತಿದೆ.

ಗಾಜಿನೆಳೆ ಎಷ್ಟೇ ಶುದ್ಧವಾಗಿದ್ದರೂ ಅದರ ಒಳಗೆ ಸಾಂದ್ರತೆಯ ಅತಿ ಸಣ್ಣ ಏರಿಳಿತಗಳಿರುತ್ತವೆ. ಗಾಜು ಕರಗಿ ತಣಿಯುವಾಗ ಉಳಿದುಬಿಟ್ಟ ಏರುಪೇರು ಇದು, ಯಾವ ಕಾರ್ಖಾನೆಯೂ ತೆಗೆದುಹಾಕಲಾರದ್ದು. ಬೆಳಕಿಂಡಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ದೂಳಿನ ಕಣ ಮಿನುಗುವಂತೆ, ಎಳೆಯೊಳಗೆ ಓಡುವ ಬೆಳಕು ಈ ಏರುಪೇರುಗಳಿಗೆ ತಾಗಿ ಎಲ್ಲ ದಿಕ್ಕಿಗೂ ಚದುರುತ್ತದೆ. ಚದುರಿದ್ದರಲ್ಲಿ ಒಂದಿಷ್ಟು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಇದಕ್ಕೆ ರೇಲೀ ಚದುರಿಕೆ ಎಂದು ಹೆಸರು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹಾಗಾಗಿ ಒಂದು ಮೀಟರ್ ದೂರ ಹೋಗಿ ಮರಳಲು ಬೆಳಕಿಗೆ 10 ನ್ಯಾನೊಸೆಕೆಂಡ್, ಎಂದರೆ ಸೆಕೆಂಡಿನ 10 ಕೋಟಿಯಲ್ಲೊಂದು ಪಾಲು ಸಾಕು. ಮರಳಿ ಬಂದ ಹೊತ್ತನ್ನು ಅಳೆದರೆ ಎಲ್ಲಿಂದ ಬಂತೆಂಬುದು ತಿಳಿಯಿತು.

ಓಟಿಡಿಆರ್ ನೋಡುವುದು ಮರಳಿದ ಬೆಳಕು ಎಷ್ಟು ಎಂಬುದನ್ನಷ್ಟೇ. ಅದರ ಜಾಗಕ್ಕೆ ಬಹಳ ಸ್ಥಿರವಾದ, ಒಂದೇ ಬಣ್ಣದ ಲೇಸರನ್ನು ತಂದರೆ ಮರಳಿದ ಅಲೆಯ ಹಂತವನ್ನೂ ಅಳೆಯಬಹುದು. ನೆಲ ಅಲುಗಿದಾಗ ಎಳೆ ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಹಿಗ್ಗುತ್ತದೆ, ಕುಗ್ಗುತ್ತದೆ. ಅಷ್ಟಕ್ಕೇ ಅಲೆಯ ಹಂತ ಬದಲಾಗುತ್ತದೆ. ಒಂದು ಮೀಟರಿನಲ್ಲಿ ನೂರು ಕೋಟಿಯ ಒಂದು ಪಾಲಿನಷ್ಟು ಹಿಗ್ಗುವಿಕೆಯನ್ನು ಗುರುತಿಸುವ ಮಟ್ಟಕ್ಕೆ ಈ ಉಪಕರಣಗಳು ಬಂದಿವೆ. ಡಿಸ್ಟ್ರಿಬ್ಯೂಟೆಡ್ ಅಕೌಸ್ಟಿಕ್ ಸೆನ್ಸಿಂಗ್ ಎಂಬ ಉದ್ದನೆಯ ಹೆಸರನ್ನು ಮೊಟಕುಗೊಳಿಸಿ ಇದನ್ನು ‘ಡ್ಯಾಸ್’ ಎನ್ನುತ್ತಾರೆ. ಹತ್ತು ಮೀಟರಿಗೊಂದು ಅಳತೆ ತೆಗೆದರೆ 50 ಕಿ.ಮೀ. ಕೇಬಲು 5,000 ಕಂಪನಮಾಪಕಗಳ ಸಾಲಾಗುತ್ತದೆ. ನೆಲದಲ್ಲಿ ಹೊಸದಾಗಿ ಏನನ್ನೂ ಹೂಳಬೇಕಿಲ್ಲ. ಒಂದು ತುದಿಯಲ್ಲಿ ಇಂಟರಾಗೇಟರ್ ಎಂಬ ಪೆಟ್ಟಿಗೆಯಿದ್ದರೆ ಆಯಿತು.

ಇದು ಈ ಸೀಮೆಗೆ ಯಾಕೆ ಬೇಕು ಎಂದರೆ ಗಡಿಕೇಶ್ವರದ ಹೆಸರು ಹೇಳಬೇಕು.

ಚಿಂಚೋಳಿ ತಾಲ್ಲೂಕಿನ ಆ ಊರು 2021ರ ಅಕ್ಟೋಬರ್‌ನಲ್ಲಿ ಮತ್ತೆ ಮತ್ತೆ ನಡುಗಿತು. ಅಕ್ಟೋಬರ್ 11ರ ರಾತ್ರಿ ಬಂದ ಕಂಪನದ ಪ್ರಮಾಣ 4.1 ಎಂದು ದಾಖಲಾಯಿತು. ನೆಲದೊಳಗಿಂದ ಭಾರಿ ಸದ್ದು, ಹಿಂದೆಯೇ ಅದುರು. ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು. ಎಷ್ಟೋ ಕುಟುಂಬಗಳು ಊರು ಬಿಟ್ಟು ನೆಂಟರ ಮನೆ ಸೇರಿದವು. ಕಲ್ಲು ಮಣ್ಣಿನ ಗೋಡೆ, ಮೇಲೆ ಪರಸಿ ಹಾಸಿದ ಮಾಳಿಗೆಯ ಮನೆಗಳಲ್ಲಿ ಬದುಕುವವರ ಭಯವನ್ನು 4.1 ಎಂಬ ಅಂಕಿಯಿಂದ ಅಳೆಯಲಾಗದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ಮತ್ತು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ತಜ್ಞರು ಬಂದು ಪರಿಶೀಲಿಸಿದರು. ಮಳೆಗಾಲದ ನೀರು ಸುಣ್ಣಕಲ್ಲಿನ ಬಿರುಕುಗಳಿಗೆ ಇಳಿದು ಒಳಗಿನ ಒತ್ತಡವನ್ನು ಬದಲಿಸುವುದು ಇಂಥ ಸಣ್ಣ ಕಂಪನಗಳಿಗೆ ಕಾರಣವಾಗಬಲ್ಲದು ಎಂಬ ವಿವರಣೆ ಆಗ ಕೇಳಿಬಂತು.

ಈ ಜನರ ಮನಸ್ಸಿನಲ್ಲಿ ಇನ್ನೊಂದು ನೆನಪೂ ಇದೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ನೆಲ ಕುಲುಕಿ ಸುಮಾರು 10 ಸಾವಿರ ಜನ ಸತ್ತರು. ಕಿಲ್ಲಾರಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯಲ್ಲಿದ್ದರೂ ಕಲಬುರಗಿ ನಗರದಿಂದ ನೇರ ದೂರ 100 ಕಿ.ಮೀ. ಒಳಗೇ. ಗಟ್ಟಿ ನೆಲ, ಭೂಕಂಪ ಆಗುವುದಿಲ್ಲ ಎಂದು ನಂಬಿದ್ದ ದಖ್ಖನ್ನಿನಲ್ಲಿ ಅದು ಆಯಿತು. ಅಂದಿನಿಂದ ಈ ಭಾಗದಲ್ಲಿ ಪಾತ್ರೆ ಅಲುಗಿದರೂ ಜನ ಹೊರಗೆ ಓಡುತ್ತಾರೆ.

ಸಣ್ಣ ಕಂಪನಗಳ ತೊಂದರೆಯೇ ಬೇರೆ. ಭೂಕಂಪ ಮಾಪನ ಕೇಂದ್ರಗಳು ಒಂದರಿಂದ ಒಂದು ಹತ್ತಾರು, ಕೆಲವೆಡೆ ನೂರಾರು ಕಿ.ಮೀ. ದೂರವಿರುತ್ತವೆ. ಪ್ರಮಾಣ ಎರಡೋ ಮೂರೋ ಇರುವ ನಡುಕ ಅಷ್ಟು ದೂರ ಮುಟ್ಟುವ ಹೊತ್ತಿಗೆ ಸೋತಿರುತ್ತದೆ; ಸಿಕ್ಕರೂ ಕೇಂದ್ರಬಿಂದುವಿನ ಅಂದಾಜು ಕೆಲವು ಕಿ.ಮೀ. ಆಚೀಚೆ ಆಗುತ್ತದೆ. ಆಳದ ಲೆಕ್ಕವಂತೂ ಇನ್ನೂ ಸಡಿಲ. ಭೀಮಾ ತೀರದ ಈ ಸುಣ್ಣಕಲ್ಲಿನ ಪದರ, ಅದರ ಮೇಲೆ ಹಲವೆಡೆ ಹಾಸಿರುವ ದಖ್ಖನ್ ಕಪ್ಪುಶಿಲೆ, ಎರಡರ ಅಡಿಯ ಹಳೆಯ ಗ್ರಾನೈಟು ಇವುಗಳಲ್ಲಿ ಯಾವ ಬಿರುಕು ಅಲುಗುತ್ತಿದೆ ಎಂದು ಹೇಳಬೇಕಾದರೆ ಮಾಪಕಗಳು ಒತ್ತೊತ್ತಾಗಿ ಇರಬೇಕು. ಅಷ್ಟು ಮಾಪಕಗಳನ್ನು ಕೊಂಡು ನೆಟ್ಟು ಕಾಯುವುದು ಯಾವ ಸರ್ಕಾರಕ್ಕೂ ಕಷ್ಟ.

ಮೊದಲೇ ಹೂತ ಕೇಬಲನ್ನೇ ಮಾಪಕವಾಗಿಸುವುದನ್ನು ಬೇರೆ ಕಡೆ ಮಾಡಿ ನೋಡಿದ್ದಾರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2016ರಲ್ಲಿ ತನ್ನ ಆವರಣದ ಸುಮಾರು 5 ಕಿ.ಮೀ. ದೂರಸಂಪರ್ಕ ಎಳೆಗೆ ಇಂಟರಾಗೇಟರ್ ಜೋಡಿಸಿತು. ಮೊದಲ ಒಂದು ವರ್ಷದಲ್ಲಿ ಸುಮಾರು 800 ಕಂಪನಗಳು ಸಿಕ್ಕವು. ಐಸ್‌ಲ್ಯಾಂಡಿನ ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ ಮೊದಲೇ ಹೂತಿದ್ದ 15 ಕಿ.ಮೀ. ಕೇಬಲಿನಿಂದ ಜರ್ಮನಿಯ ವಿಜ್ಞಾನಿಗಳು ಅಲ್ಲಿಯವರೆಗೆ ನಕ್ಷೆಯಲ್ಲಿಲ್ಲದ ಬಿರುಕನ್ನು ಕಂಡುಹಿಡಿದು 2018ರಲ್ಲಿ ಪ್ರಕಟಿಸಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಸಮುದ್ರತಳದ ಕೇಬಲಿನ 20 ಕಿ.ಮೀ. ಭಾಗವನ್ನು ನಾಲ್ಕು ದಿನ ಬಳಸಿಕೊಂಡಾಗ ಅಲ್ಲೂ ಹೊಸ ಬಿರುಕುಗಳು ಕಂಡವು.

ಭಾರತಕ್ಕೂ ಇದು ಹೊಸದಲ್ಲ. ಈಶಾನ್ಯ ಗಡಿನಾಡು ರೈಲ್ವೆ 2022ರ ಡಿಸೆಂಬರ್‌ನಲ್ಲಿ ಅಲಿಪುರ್ದುವಾರ್ ವಿಭಾಗದಲ್ಲಿ ಹಳಿಯ ಪಕ್ಕದ ಫೈಬರನ್ನೇ ಕಾವಲಿಗೆ ಹಚ್ಚಿತು. ಆನೆ ಹಳಿಯ ಹತ್ತಿರ ಬಂದರೆ ಅದರ ಹೆಜ್ಜೆಯ ಕಂಪನ ಎಳೆಯಲ್ಲಿ ಮೂಡಿ, ನಿಯಂತ್ರಣ ಕೊಠಡಿಗೂ ಸ್ಟೇಷನ್ನಿಗೂ ಲೋಕೊ ಪೈಲಟ್ಟಿಗೂ ಸೂಚನೆ ಹೋಗುತ್ತದೆ. ಇದರ ಹೆಸರು ಗಜರಾಜ. ಎಣ್ಣೆ ಕಂಪನಿಗಳು ಪೈಪ್‌ಲೈನ್ ಕೊರೆದು ಕದಿಯುವವರನ್ನು ಹಿಡಿಯಲು ಇದೇ ವಿದ್ಯೆಯನ್ನು ಬಳಸುತ್ತಿವೆ. ಆನೆಗೂ ಕಳ್ಳನಿಗೂ ಒದಗಿದ್ದು ಚಿಂಚೋಳಿಯ ಭೂಕಂಪಕ್ಕೂ ಒದಗಬೇಕು.

ಒದಗುವುದಕ್ಕೆ ಮುಖ್ಯ ಅಡ್ಡಿ ದೂರ. ಹತ್ತು ಮೀಟರ್ ಎಳೆಯಿಂದ ಮರಳುವ ಬೆಳಕು ಕಳಿಸಿದ್ದರ ಹತ್ತು ಲಕ್ಷದಲ್ಲಿ ಒಂದು ಪಾಲೂ ಇರುವುದಿಲ್ಲ. ಅದಲ್ಲದೆ ಗಾಜು ದಾರಿಯುದ್ದಕ್ಕೂ ಬೆಳಕನ್ನು ನುಂಗುತ್ತದೆ: ಇಂದಿನ ಒಳ್ಳೆಯ ಎಳೆಯಲ್ಲೂ 50 ಕಿ.ಮೀ. ದಾಟುವಷ್ಟರಲ್ಲಿ ಹತ್ತನೆಯ ಒಂದು ಪಾಲು ಉಳಿಯುತ್ತದೆ. ಅಲ್ಲಿಂದ ಮರಳಿ ಬರುವಾಗ ಮತ್ತೆ ಹತ್ತನೆಯ ಒಂದು. ದೂರ 100 ಕಿ.ಮೀ. ಆದರೆ ಹೋಗಿ ಬರುವ ನಷ್ಟವೇ ಹತ್ತು ಸಾವಿರ ಪಟ್ಟು. ಹಾಗಿದ್ದರೆ ಮೊದಲೇ ಜೋರಾದ ಬೆಳಕು ಕಳಿಸಬಾರದೇ? ಒಂದು ಮಿತಿ ದಾಟಿದರೆ ಗಾಜೇ ಆ ಬೆಳಕಿನ ಬಣ್ಣವನ್ನು ಕೆಡಿಸುತ್ತದೆ, ಅಳತೆ ಹಾಳಾಗುತ್ತದೆ. ಸಾಮಾನ್ಯ ಇಂಟರಾಗೇಟರಿನ ಮಿತಿ 50 ಕಿ.ಮೀ. ಆಸುಪಾಸಿನಲ್ಲಿ ನಿಲ್ಲುವುದು ಇದರಿಂದ.

ದೂರಸಂಪರ್ಕದವರು ಈ ಕಷ್ಟವನ್ನು ಎಂದೋ ಬಿಡಿಸಿಕೊಂಡಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಡೇವಿಡ್ ಪೇನ್ ತಂಡ ಮತ್ತು ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಮ್ಯಾನುಯೆಲ್ ಡೆಸರ್ವೈರ್ ಮುಂತಾದವರು 1987ರಲ್ಲಿ ಎರ್ಬಿಯಂ ಬೆರೆಸಿದ ಗಾಜಿನೆಳೆ ಬೆಳಕನ್ನು ಬೆಳಕಾಗಿಯೇ ಬಲಪಡಿಸಬಲ್ಲದೆಂದು ತೋರಿಸಿದರು. ಅದಕ್ಕೂ ಮೊದಲು ಸೋತ ಬೆಳಕನ್ನು ವಿದ್ಯುತ್ತಾಗಿಸಿ, ಬೆಳೆಸಿ, ಮತ್ತೆ ಬೆಳಕಾಗಿಸಬೇಕಿತ್ತು. ಈಗ ಕೆಲವೇ ಮೀಟರ್ ಎರ್ಬಿಯಂ ಎಳೆಗೆ 980 ಅಥವಾ 1480 ನ್ಯಾನೊಮೀಟರ್ ತರಂಗದ ಲೇಸರ್ ಉಣಿಸಿದರೆ ಸಾಕು. 1550ರ ಆಸುಪಾಸಿನ ಸಂಕೇತ ನೂರಾರು ಪಟ್ಟು ಹಿಗ್ಗುತ್ತದೆ. ಇಂದು ಖಂಡಖಂಡಗಳ ನಡುವಿನ ಮಾತೆಲ್ಲ ಇದರ ಮೇಲೆ ನಿಂತಿದೆ.

ಆದರೆ ಮಾತು ದಾಟಿಸಲು ಕಟ್ಟಿದ ವರ್ಧಕ ನೆಲ ಕೇಳುವುದಕ್ಕೆ ಅಡ್ಡ ಬರುತ್ತದೆ. ಅದರೊಳಗೆ ಐಸೊಲೇಟರ್ ಎಂಬ ಭಾಗವಿದೆ. ಬೆಳಕನ್ನು ಮುಂದಕ್ಕೆ ಮಾತ್ರ ಬಿಡುತ್ತದೆ, ಹಿಂದಕ್ಕೆ ಬಿಡದು. ಫೋನ್ ಸಂಭಾಷಣೆಗೆ ಇದು ಬೇಕೇ ಬೇಕು, ಇಲ್ಲವಾದರೆ ಮಾರ್ದನಿ ಬೆಳೆದು ಎಲ್ಲ ಕಲಸಿಹೋಗುತ್ತದೆ. ಡ್ಯಾಸ್‌ಗೆ ಬೇಕಾಗಿದ್ದು ಆ ಮಾರ್ದನಿಯೇ. ಮೊದಲ ವರ್ಧಕದಿಂದಾಚೆಯ ನೆಲವೆಲ್ಲ ಇಂಟರಾಗೇಟರಿಗೆ ಕುರುಡು. ‘ಕೇಬಲ್ ಇದೆ, ಆದ್ದರಿಂದ ಸೆನ್ಸರ್ ಇದೆ’ ಎಂದು ಸಲೀಸಾಗಿ ಹೇಳುವವರು ಮರೆಯುವ ಅಂಶ ಇದು.

ಇದಕ್ಕೊಂದು ಅಂದವಾದ ಉತ್ತರ 2022ರಲ್ಲಿ ಅಟ್ಲಾಂಟಿಕ್ ತಳದಿಂದ ಬಂತು. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದ ಜೂಸೆಪ್ಪೆ ಮಾರಾ ಮತ್ತು ಸಂಗಡಿಗರು ಇಂಗ್ಲೆಂಡಿನ ಸೌತ್‌ಪೋರ್ಟ್‌ನಿಂದ ಕೆನಡಾದ ಹ್ಯಾಲಿಫ್ಯಾಕ್ಸ್‌ವರೆಗಿನ 5,860 ಕಿ.ಮೀ. ಕೇಬಲನ್ನು ಆರಿಸಿಕೊಂಡರು. ಸಮುದ್ರತಳದ ವರ್ಧಕಗಳಾದ ರಿಪೀಟರುಗಳಲ್ಲಿ ಕೆಟ್ಟದ್ದನ್ನು ಪತ್ತೆ ಮಾಡಲೆಂದು ಬೆಳಕಿನ ಒಂದು ಸಣ್ಣ ಪಾಲನ್ನು ಜೋಡಿ ಎಳೆಗೆ ಹೊರಳಿಸಿ ವಾಪಸು ಕಳಿಸುವ ಹಾದಿಯೊಂದು ಇದ್ದೇ ಇರುತ್ತದೆ. ಅದರ ಮೂಲಕ ಮರಳಿದ ಬೆಳಕನ್ನು ಅಳೆದಾಗ ಇಡೀ ಕೇಬಲು ಒಂದೇ ಮಾಪಕವಾಗಿ ಉಳಿಯಲಿಲ್ಲ. 12 ಭಾಗಗಳು 12 ಮಾಪಕಗಳಾದವು. ದೂರದ ಭೂಕಂಪಗಳೂ ಸಾಗರದ ಪ್ರವಾಹಗಳೂ ಅದರಲ್ಲಿ ಕಂಡವು. ಸಮುದ್ರಕ್ಕೆ ಇದು ದೊಡ್ಡ ಸಾಧನೆ. ಗಡಿಕೇಶ್ವರಕ್ಕೆ ಸಾಲದು: ಅಲ್ಲಿ ಬೇಕಿರುವುದು ಮೀಟರುಗಳ ಲೆಕ್ಕದ ನೋಟ.

ನೆಲದ ಮೇಲಿನ ಉತ್ತರಕ್ಕೆ ಬೆಂಗಳೂರಿನ ನಂಟಿದೆ. ಸರ್ ಸಿ.ವಿ. ರಾಮನ್ 1928ರ ಫೆಬ್ರುವರಿ 28ರಂದು ಕಲ್ಕತ್ತೆಯಲ್ಲಿ ಕಂಡ ಹೊಸ ಬೆಳಕಿನ ವಿಷಯವನ್ನು ವಿಸ್ತಾರವಾಗಿ ಬಿಚ್ಚಿಟ್ಟದ್ದು ಮಾರ್ಚ್ 16ರಂದು ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಉಪನ್ಯಾಸದಲ್ಲಿ. ಚದುರುವ ಬೆಳಕು ಅಣುಗಳೊಂದಿಗೆ ಶಕ್ತಿಯ ಕೊಡು-ಕೊಳ್ಳು ನಡೆಸಿ ಬಣ್ಣ ಬದಲಿಸುತ್ತದೆ ಎಂಬುದು ಅದರ ತಿರುಳು. ಗಾಜಿನೆಳೆಯೊಳಗೆ 1455 ನ್ಯಾನೊಮೀಟರಿನ ಬಲವಾದ ಲೇಸರ್ ಹರಿಸಿದರೆ, ಸುಮಾರು ನೂರು ನ್ಯಾನೊಮೀಟರ್ ಆಚೆ, 1550ರಲ್ಲಿ ಹೋಗುತ್ತಿರುವ ಸಂಕೇತಕ್ಕೆ ಗಾಜಿನ ಅಣುಗಳ ಮೂಲಕ ಶಕ್ತಿ ವರ್ಗವಾಗುತ್ತದೆ. ಬೇರೆ ಪೆಟ್ಟಿಗೆ ಬೇಡ, ಎಳೆಯೇ ವರ್ಧಕ. ಮುಖ್ಯವಾಗಿ ಅದು ಹೋಗುವ ಬೆಳಕನ್ನೂ ಬರುವ ಬೆಳಕನ್ನೂ ಬಲಪಡಿಸುತ್ತದೆ. ಹೀಗೆ ಹಲವು ಬಗೆಯ ವರ್ಧನೆಗಳನ್ನು ಸೇರಿಸಿ ಚೀನಾದ ಚೆಂಗ್ಡುವಿನ ಸಂಶೋಧಕರು 2014ರಲ್ಲಿ 175 ಕಿ.ಮೀ. ಉದ್ದದ ಎಳೆಯ ಮೇಲೆ ಕಂಪನ ಪತ್ತೆ ಮಾಡಿ ತೋರಿಸಿದರು. ರಾಮನ್ ಕಟ್ಟಿದ ಸಂಶೋಧನಾ ಸಂಸ್ಥೆ ಇರುವ ರಾಜ್ಯ ಇದನ್ನು ತನ್ನದೇ ನೆಲದಲ್ಲಿ ಪ್ರಯೋಗಿಸಲು ಹಿಂಜರಿಯಬೇಕಿಲ್ಲ.

ಎರ್ಬಿಯಂ ವರ್ಧಕವನ್ನೂ ಐಸೊಲೇಟರ್ ಇಲ್ಲದೆ ಬಳಸುವ ದಾರಿಯಿದೆ. ಐವತ್ತು-ಅರವತ್ತು ಕಿ.ಮೀ. ದೂರದಲ್ಲಿ ಕೆಲವು ಮೀಟರ್ ಎರ್ಬಿಯಂ ಎಳೆಯನ್ನು ಬೆಸೆದು, ಅದಕ್ಕೆ ಬೇಕಾದ ಲೇಸರನ್ನು ಈ ತುದಿಯಿಂದಲೇ ಗಾಜಿನ ಮೂಲಕ ಕಳಿಸುವುದು. ನಡುದಾರಿಯಲ್ಲಿ ಕರೆಂಟು ಬೇಡ, ಬ್ಯಾಟರಿ ಬೇಡ, ಕಾವಲುಗಾರ ಬೇಡ. ಹೊಲದ ಬದುವಿನಲ್ಲಿ ವಿದ್ಯುತ್ ನಂಬಿ ಯಂತ್ರ ಇಡಲಾಗದ ಸೀಮೆಗೆ ಇದಕ್ಕಿಂತ ಒಪ್ಪುವ ವ್ಯವಸ್ಥೆ ಯಾವುದಿದೆ?

ಬೆಲೆ ತೆರದೆ ಏನೂ ಸಿಗದು. ವರ್ಧಕ ಸಂಕೇತದ ಜೊತೆ ಗದ್ದಲವನ್ನೂ ಬೆಳೆಸುತ್ತದೆ; ತನ್ನದೇ ಒಂದಿಷ್ಟು ಗದ್ದಲವನ್ನೂ ಸೇರಿಸುತ್ತದೆ. ರಾಮನ್ ವರ್ಧನೆಗೆ ಬೇಕಾದ ಲೇಸರಿನ ಬಲ ಕಣ್ಣಿಗೆ ಅಪಾಯ, ಅದೂ ಕಾಣದ ಬೆಳಕು. ಕನೆಕ್ಟರಿನಲ್ಲಿ ಒಂದು ಚೂರು ದೂಳು ಉಳಿದರೂ ಅಲ್ಲೇ ಸುಟ್ಟುಹೋಗಬಹುದು. ಸಿಮೆಂಟಿನ ದೂಳು ಹಾರುವ ವಾಡಿ, ಸೇಡಂಗಳಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಈಗ ನಕ್ಷೆ ನೋಡಬೇಕು. ವಾಡಿ ಜಂಕ್ಷನ್ ಎರಡು ಹಳೆಯ ಹಾದಿಗಳ ಕೂಡು. ಮುಂಬೈ ಕಡೆಯಿಂದ ಕಲಬುರಗಿ, ಶಹಾಬಾದ್ ಹಾದು ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಮೂಲಕ ಸಿಕಂದರಾಬಾದಿಗೆ ಹೋಗುವ ನಿಜಾಮರ ಹಳಿ 1874ರಲ್ಲಿ ತೆರೆಯಿತು. ದೇಶದ ಹಳಿಗಳ ಗುಂಟ 2000ದಲ್ಲಿ ಸ್ಥಾಪನೆಯಾದ ರೈಲ್‌ಟೆಲ್‌ನ ಫೈಬರ್ ಜಾಲ ಹಬ್ಬಿದೆ. ವಾಡಿಯಲ್ಲಿ ಪೆಟ್ಟಿಗೆ ಇಟ್ಟರೆ ಸೇಡಂವರೆಗಿನ ಹಳಿ 50 ಕಿ.ಮೀ. ಮಿತಿಯೊಳಗೇ ಬರುತ್ತದೆ, ವರ್ಧನೆ ಬೇಡ. ಕಲಬುರಗಿಯಲ್ಲಿ ಕುಳಿತು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಎಲ್ಲವನ್ನೂ ಒಂದೇ ಎಳೆಯಲ್ಲಿ ನೋಡಬೇಕಾದರೆ ಮಾತ್ರ ರಾಮನ್ ವರ್ಧನೆಯ ಮೊರೆ ಹೋಗಬೇಕು.

ಚಿಂಚೋಳಿಗೆ ಹಳಿ ಇಲ್ಲ. ಅಲ್ಲಿ ಉಳಿದಿರುವುದು ರಸ್ತೆ ಬದಿಯ ಕೇಬಲು: 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎಂದು ಹೆಸರು ಪಡೆದ, ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳನ್ನು ಜೋಡಿಸಹೊರಟ ಯೋಜನೆಯದು. ಇದರ ಮೊದಲ ಹಂತದಲ್ಲಿ ಒಂದು ಎಳೆಯ ಬೆಳಕನ್ನು ಸ್ಪ್ಲಿಟರಿನಿಂದ ಹಲವು ಪಂಚಾಯಿತಿಗಳಿಗೆ ಹಂಚಿದ್ದಾರೆ. ಹಂಚಿದ ಎಳೆ ಡ್ಯಾಸ್‌ಗೆ ಒಗ್ಗದು, ಯಾವ ಕವಲಿನಿಂದ ಮಾರ್ದನಿ ಬಂತೆಂದು ತಿಳಿಯದು. ಆದರೆ ಕೇಬಲಿನೊಳಗೆ ಹಲವು ಎಳೆಗಳಿರುತ್ತವೆ. ಬಳಕೆಗೆ ಬಾರದ ಒಂದು ಡಾರ್ಕ್ ಫೈಬರ್ ಕೊಟ್ಟರೆ ಇಂಟರ್ನೆಟ್ಟಿಗೂ ತೊಂದರೆಯಿಲ್ಲ, ಕೆಲಸವೂ ಆಗುತ್ತದೆ. ಕಂಬದ ಮೇಲೆ ಎಳೆದ ಕೇಬಲು ಬೇಡ. ಅದರಲ್ಲಿ ಗಾಳಿಯ ಆಟವೇ ಹೆಚ್ಚು.

ಹೂತ ಕೇಬಲಿಗೂ ಈ ಮಣ್ಣಿನ ಕಾಟವಿದೆ. ತೊಗರಿ ಬೆಳೆಯುವ ಎರೆಮಣ್ಣು ಮಳೆಗೆ ಉಬ್ಬಿ ಕೇಬಲಿನ ಪೈಪನ್ನು ಅಪ್ಪಿ ಹಿಡಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಹಿಡಿತ ಸಡಿಲಿಸುತ್ತದೆ. ಒಂದೇ ನಡುಕ ಸೆಪ್ಟೆಂಬರಿನಲ್ಲಿ ಒಂದು ಬಗೆ, ಏಪ್ರಿಲಿನಲ್ಲಿ ಇನ್ನೊಂದು ಬಗೆ ದಾಖಲಾಗಬಹುದು. ಸ್ಟ್ಯಾನ್‌ಫರ್ಡ್‌ನಲ್ಲೂ ಎಳೆ ಪೈಪಿನೊಳಗೆ ಸಡಿಲವಾಗಿಯೇ ಬಿದ್ದಿತ್ತು, ಆದರೂ ಕೆಲಸ ಮಾಡಿತು ಎಂಬುದು ಧೈರ್ಯ ಕೊಡುವ ಸಂಗತಿ. ಪರಸಿ ಕಲ್ಲಿನ ಪದರ ನೆಲದ ಮೇಲ್ಮೈಗೇ ಬಂದಿರುವ ಶಹಾಬಾದ್ ಕಡೆ ಹಿಡಿತ ಗಟ್ಟಿ. ಎರೆನೆಲವೂ ಕಲ್ಲುನೆಲವೂ ಒಂದೇ ಎಳೆಯ ಮೇಲೆ ಸಿಗುವುದರಿಂದ ಯಾವ ಊರಿನ ಮಣ್ಣು ನಡುಕವನ್ನು ಹೆಚ್ಚಿಸುತ್ತದೆ, ಯಾವುದು ತಗ್ಗಿಸುತ್ತದೆ ಎಂಬ ಹೋಲಿಕೆ ಸಾಧ್ಯ. ಮನೆ ಕಟ್ಟುವವರಿಗೆ ಆ ಹೋಲಿಕೆ ಬೇಕು.

ಇನ್ನು ಸದ್ದುಗದ್ದಲ. ವಾಡಿ ಹಾದಿಯಲ್ಲಿ ಗೂಡ್ಸ್ ಗಾಡಿಗಳಿಗೆ ಬಿಡುವಿಲ್ಲ. ಸುಣ್ಣಕಲ್ಲಿನ ಗಣಿಗಳಲ್ಲಿ, ಪರಸಿ ಕ್ವಾರಿಗಳಲ್ಲಿ ಕೆಲಸ ನಿಲ್ಲುವುದಿಲ್ಲ. ರೈಲಿನ ಕಂಪನ ಹಳಿಯ ಗುಂಟ ಓಡುವ ಓರೆ ಗೆರೆಯಾಗಿ ಕಾಣುವುದರಿಂದ ಅದನ್ನು ಬೇರ್ಪಡಿಸುವುದು ಸುಲಭ. ಬ್ಲಾಸ್ಟಿಂಗ್ ಇನ್ನೂ ಮುಖ್ಯ. ನೆಲ ಅದುರಿದಾಗಲೆಲ್ಲ ಇದು ಗಣಿಯದ್ದೋ ಭೂಮಿಯದ್ದೋ ಎಂಬ ಪ್ರಶ್ನೆ ಇಂಥ ಸೀಮೆಯಲ್ಲಿ ಏಳುವುದು ಸಹಜ. ಸ್ಫೋಟ ಎಲ್ಲ ದಿಕ್ಕಿಗೂ ನೆಲವನ್ನು ಹೊರಕ್ಕೆ ತಳ್ಳುತ್ತದೆ. ಬಿರುಕು ಜಾರಿದಾಗ ಕೆಲವು ದಿಕ್ಕಿಗೆ ತಳ್ಳಿ ಕೆಲವು ದಿಕ್ಕಿನಿಂದ ಎಳೆಯುತ್ತದೆ. ಸ್ಫೋಟ ನಡೆಯುವುದು ನೆಲದ ಮೇಲ್ಭಾಗದಲ್ಲಿ, ಗೊತ್ತಿರುವ ಗಣಿಯಲ್ಲಿ. ಸಾವಿರಾರು ಬಿಂದುಗಳ ದಾಖಲೆ ಕೈಯಲ್ಲಿದ್ದರೆ ಈ ಜಗಳ ಊಹೆಯ ಮೇಲೆ ನಡೆಯುವುದಿಲ್ಲ, ಗಣಿಗೂ ಹಳ್ಳಿಗೂ ಅದು ನ್ಯಾಯ.

ಸಿಮೆಂಟ್ ಕಾರ್ಖಾನೆಗಳಿಗೆ ಇದೇ ಕುಟುಂಬದ ಇನ್ನೊಂದು ವಿದ್ಯೆ ಹತ್ತಿರದ್ದು. ರಾಮನ್ ಚದುರಿಕೆಯಲ್ಲಿ ಬಣ್ಣ ಏರಿದ ಬೆಳಕಿನ ಪ್ರಮಾಣ ಗಾಜಿನ ಬಿಸಿಯನ್ನು ಅವಲಂಬಿಸಿದೆ. ಕಲ್ಲಿದ್ದಲಿನ ಉದ್ದನೆಯ ಕನ್ವೇಯರ್ ಬೆಲ್ಟಿನ ಗುಂಟ ಒಂದು ಎಳೆ ಹಾಸಿದರೆ ಯಾವ ರೋಲರ್ ಕಾಯುತ್ತಿದೆ ಎಂದು ಬೆಂಕಿ ಹೊತ್ತುವ ಮೊದಲೇ ತಿಳಿಯಬಹುದು. ಇಂಥ ವ್ಯವಸ್ಥೆ ಜಗತ್ತಿನ ಅನೇಕ ಗಣಿ, ಸುರಂಗ, ವಿದ್ಯುತ್ ಸ್ಥಾವರಗಳಲ್ಲಿ ಬಳಕೆಯಲ್ಲಿದೆ.

ಆಸೆಗೆ ಒಂದು ಮಿತಿಯನ್ನೂ ಹೇಳಬೇಕು. ಫೈಬರ್ ಬಂದರೆ ಭೂಕಂಪದ ಮುನ್ಸೂಚನೆ ಸಿಗುತ್ತದೆ ಎಂದು ಗಡಿಕೇಶ್ವರದವರಿಗೆ ಯಾರೂ ಹೇಳಬಾರದು. ಜೋರಾಗಿ ಕುಲುಕುವ ಅಲೆ ಬಂಡೆಯಲ್ಲಿ ಸೆಕೆಂಡಿಗೆ ಮೂರು ಕಿ.ಮೀ. ಮೇಲೆಯೇ ಓಡುತ್ತದೆ, ಕೇಂದ್ರ ಊರಿನ ಬುಡದಲ್ಲೇ ಇದ್ದಾಗ ಸೈರನ್ ಊದುವುದರೊಳಗೆ ಅದು ಮುಟ್ಟಿರುತ್ತದೆ. ಎಳೆ ಕೊಡುವುದು ಬೇರೆಯದನ್ನು: ಯಾವ ಬಿರುಕು, ಎಷ್ಟು ಆಳ, ಮಳೆ ಬಿದ್ದ ಎಷ್ಟು ದಿನಕ್ಕೆ, ಕಂಪನದ ಗುಂಪು ಎತ್ತ ಸರಿಯುತ್ತಿದೆ. ಯಾವ ಮನೆಗಳನ್ನು ಮೊದಲು ಗಟ್ಟಿ ಮಾಡಬೇಕು ಎಂಬ ತೀರ್ಮಾನಕ್ಕೆ ಈ ಉತ್ತರಗಳು ಸಾಕು.

ದಾಖಲೆ ಯಾರ ಕೈಯಲ್ಲಿರಬೇಕು ಎಂಬುದನ್ನೂ ಮೊದಲೇ ಗೊತ್ತುಮಾಡಬೇಕು. ರಸ್ತೆ ಬದಿಯ ಎಳೆ ವಾಹನವನ್ನೂ, ಹತ್ತಿರದ ಹೆಜ್ಜೆಯನ್ನೂ ಗುರುತಿಸಬಲ್ಲದು. ಐದು ಸಾವಿರ ಬಿಂದುಗಳನ್ನು ಸೆಕೆಂಡಿಗೆ ಸಾವಿರ ಸಲ ಅಳೆದರೆ ದಿನಕ್ಕೆ ಒಂದೂವರೆ ಟೆರಾಬೈಟ್ ಮೀರುತ್ತದೆ. ಅಷ್ಟನ್ನೆಲ್ಲ ಕೂಡಿಡುವ ಅಗತ್ಯವೂ ಇಲ್ಲ. ಕಂಪನದ ತುಣುಕುಗಳನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸುವ ನಿಯಮ ಪ್ರಯೋಗದ ಮೊದಲ ದಿನದಿಂದಲೇ ಇರಬೇಕು.

ಆ ಪ್ರಯೋಗಕ್ಕೆ ಬೇಕಾದ ತಯಾರಿ ದೊಡ್ಡದಲ್ಲ, ಆದರೆ ಬೆವರು ಬೇಡುವಂಥದ್ದು. ಪ್ರತಿ ಜಾಯಿಂಟ್ ಗುಂಡಿಯಲ್ಲೂ ಮುಂದಿನ ದುರಸ್ತಿಗೆಂದು ಹತ್ತಾರು ಮೀಟರ್ ಕೇಬಲನ್ನು ಸುರುಳಿ ಸುತ್ತಿಟ್ಟಿರುತ್ತಾರೆ. ಹಾಗಾಗಿ ಎಳೆಯ 20ನೆಯ ಕಿಲೋಮೀಟರ್ ಎಂಬುದು ರಸ್ತೆಯ 20ನೆಯ ಕಿಲೋಮೀಟರ್ ಆಗಿರುವುದಿಲ್ಲ. ಇಬ್ಬರು ಕೇಬಲಿನ ಗುಂಟ ನಡೆಯುತ್ತ, ಗೊತ್ತಾದ ಕಡೆ ನಿಂತು, ಜಿಪಿಎಸ್ ಗುರುತು ಬರೆದುಕೊಂಡು, ಸುತ್ತಿಗೆಯಿಂದ ನೆಲಕ್ಕೆ ಬಡಿಯಬೇಕು. ಪೆಟ್ಟಿಗೆಯ ಮುಂದೆ ಕುಳಿತವರು ಆ ಪೆಟ್ಟು ಎಳೆಯ ಎಷ್ಟನೆಯ ಮೀಟರಿನಲ್ಲಿ ಕಂಡಿತೆಂದು ಬರೆದುಕೊಳ್ಳಬೇಕು. ಇದಕ್ಕೆ ಟ್ಯಾಪ್ ಟೆಸ್ಟ್ ಎನ್ನುತ್ತಾರೆ. ಈ ಸೀಮೆಯಲ್ಲಿ ಅದಕ್ಕೆ ಒಳ್ಳೆಯ ಕಾಲ ಮುಂಗಾರು ಮುಗಿದು ಎರೆಮಣ್ಣಿನಲ್ಲಿ ಇನ್ನೂ ಹಸಿ ಇರುವ ಅಕ್ಟೋಬರ್. ಮಣ್ಣು ಆಗ ಪೈಪನ್ನು ಬಿಗಿಯಾಗಿ ಹಿಡಿದಿರುತ್ತದೆ. ಗಡಿಕೇಶ್ವರದ ನೆಲ 2021ರಲ್ಲಿ ಹೆಚ್ಚು ಅಲುಗಿದ್ದೂ ಅದೇ ತಿಂಗಳಲ್ಲಿ.